ಎಂಜಿ ಟಿಡಿಗೆ ಹೊರಗನ್ನಡಿ: ಮಡ್‌ಗಾರ್ಡ್, ಬಾಗಿಲು, ಮುಂದಿನ ಗಾಜಿನ ಪಕ್ಕದ ಕಂಬ ಮೂರೂ ಕಡೆ ಹಾಕಿ ನೋಡಿದೆ

ಒಂದು ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ ಎಡಕ್ಕೆ ತಿರುಗಿಸುತ್ತಿದ್ದೆ. "ರೀ, ಎಡಗಡೆ ಸ್ಕೂಟರ್!" ಅಂತ ಹೆಂಡತಿ ಕೂಗಿದಳು. ಬ್ರೇಕ್ ಒತ್ತಿದೆ. ಸ್ಕೂಟರಿನ ಹುಡುಗಿ ನಮ್ಮ ಮಡ್‌ಗಾರ್ಡ್‌ನಿಂದ ಒಂದು ಗೇಣು ದೂರದಲ್ಲಿ ದಾಟಿ ಹೋದಳು. ಹಿಂದೆ ಮಗು ಕೂತಿತ್ತು. ಅವಳದ್ದೇನೂ ತಪ್ಪಿಲ್ಲ. ನನಗೆ ಅವಳು ಕಾಣಲೇ ಇಲ್ಲ. ಮನೆಗೆ ಬಂದು ಕಾರನ್ನು ಶೆಡ್ಡಿಗೆ ಹಾಕಿದವನು, ಹೊರಗನ್ನಡಿ ಹಾಕುವವರೆಗೂ ಹೊರಗೆ ತೆಗೆಯಲಿಲ್ಲ.

ಕಾರು 1952ರ ಎಂಜಿ ಟಿಡಿ. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1950ರಿಂದ 1953ರವರೆಗೆ ತಯಾರಾದ ಗಾಡಿ. 1250 ಸಿಸಿ ಎಂಜಿನ್, ಎರಡೇ ಸೀಟು, ಬಟ್ಟೆ ಟಾಪ್. ಒಳಗೊಂದು ಪುಟ್ಟ ಕನ್ನಡಿ ಇದೆ. ಟಾಪ್ ಮಡಚಿಟ್ಟರೆ ಅದರ ಗಂಟು ಅರ್ಧ ನೋಟ ಮುಚ್ಚುತ್ತದೆ. ಟಾಪ್ ಎತ್ತಿದರೆ ಹಿಂದಿನ ಚಿಕ್ಕ ಕಿಟಕಿಯಲ್ಲಿ ಎಷ್ಟು ಕಂಡೀತು? ಆ ಕಾಲದ ರಸ್ತೆಗೆ ಅದು ಸಾಕಾಗಿತ್ತು. ಎಡಗಡೆ ಸಂದಿಯಲ್ಲೂ ಬೈಕ್ ನುಗ್ಗಿ ಬರುವ ನಮ್ಮೂರಿಗೆ ಖಂಡಿತ ಸಾಲದು.

ಯಾವುದು ಚೆಂದ ಕಾಣುತ್ತದೆ ಅನ್ನುವುದಕ್ಕಿಂತ ಯಾವುದರಲ್ಲಿ ಜಾಸ್ತಿ ಕಾಣುತ್ತದೆ ಅಂತ ಮೊದಲು ಅಳೆಯಬೇಕಿತ್ತು. ಮನೆ ಮುಂದೆ ಕಾರು ನಿಲ್ಲಿಸಿ, ಕನ್ನಡಿಯಿಂದ 10 ಮೀಟರ್ ಹಿಂದೆ ರಸ್ತೆಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದೆ. ಅಕ್ಕನ ಮಗ ಆ ಗೆರೆ ಮೇಲೆ ಪಕ್ಕಪಕ್ಕಕ್ಕೆ ಹೆಜ್ಜೆ ಇಡುತ್ತಾ, "ಮಾಮ, ಈಗ ಕಾಣ್ತೀನಾ?" ಅಂತ ಕೇಳುತ್ತಿದ್ದ. ಎಲ್ಲಿಂದ ಎಲ್ಲಿಯವರೆಗೆ ಕಂಡನೋ ಅಲ್ಲಿಗೆ ಗುರುತು ಹಾಕಿದೆವು. ಮೂರು ಕಡೆಯೂ 10 ಸೆಂ.ಮೀ. ಅಗಲದ ಚಪ್ಪಟೆ ಕನ್ನಡಿಯಿಂದಲೇ ಶುರು ಮಾಡಿದೆವು.

ಮೊದಲು ಮಡ್‌ಗಾರ್ಡ್ ಮೇಲೆ. ನನಗಿಂತ ಮುಂಚೆ ಈ ಕಾರು ಇಟ್ಟುಕೊಂಡಿದ್ದವರು ಬಲ ಮಡ್‌ಗಾರ್ಡ್‌ನಲ್ಲಿ ಒಂದು ತೂತು ಕೊರೆಸಿದ್ದರು. ಹಾಗಾಗಿ ಹೊಸದಾಗಿ ಏನೂ ಹಾಳು ಮಾಡದೆ ಪರೀಕ್ಷೆ ಆಯಿತು. ನೋಡಲು ಬಹಳ ಚೆಂದ, ಅದನ್ನು ಒಪ್ಪಲೇಬೇಕು. ಆ ಉದ್ದನೆಯ ಇಳಿಜಾರಿನ ಮೇಲೆ ಗುಂಡನೆಯ ಕ್ರೋಮ್ ಕನ್ನಡಿ ಕೂತರೆ ಕಾರಿಗೇ ಒಂದು ಕಳೆ. ಕತ್ತು ತಿರುಗಿಸುವ ಕೆಲಸವೂ ಇಲ್ಲ, ಮುಂದಿನ ಗಾಜಿನಲ್ಲೇ ಕಾಣುತ್ತದೆ. ಆದರೆ ಕಣ್ಣಿನಿಂದ ಅಲ್ಲಿಗೆ ಸುಮಾರು ಒಂದೂವರೆ ಮೀಟರ್. ಗೆರೆ ಮೇಲೆ ಕಂಡದ್ದು ಬರೀ ಮುಕ್ಕಾಲು ಮೀಟರ್ ಅಗಲ. ಒಂದು ಸ್ಕೂಟರ್ ನಿಂತರೆ ಮುಗಿಯಿತು. ಅದೇ ಕನ್ನಡಿಯನ್ನು ಕಣ್ಣಿಂದ 60 ಸೆಂ.ಮೀ. ದೂರದಲ್ಲಿ ಹಿಡಿದರೆ ಒಂದು ಮುಕ್ಕಾಲು ಮೀಟರ್ ಕಂಡಿತು. ಎರಡು ಪಟ್ಟಿಗಿಂತ ಜಾಸ್ತಿ! ಇಡೀ ಹೋಲಿಕೆಯಲ್ಲಿ ನನಗೆ ಕಣ್ಣು ತೆರೆಸಿದ್ದು ಇದೇ. ಕನ್ನಡಿ ಎಷ್ಟು ದೊಡ್ಡದು ಅಂತ ಮಾತ್ರ ನೋಡುತ್ತೇವೆ. ಕಣ್ಣಿಗೆ ಎಷ್ಟು ಹತ್ತಿರ ಅನ್ನುವುದು ಅಷ್ಟೇ ಮುಖ್ಯ.

ಇನ್ನೊಂದು ತೊಂದರೆ ಅಲುಗಾಟ. ಮಡ್‌ಗಾರ್ಡ್ ತೆಳು ತಗಡು. ಎಂಜಿನ್ ಸ್ವಲ್ಪ ಏರಿದರೂ ಕನ್ನಡಿಯಲ್ಲಿ ಹಿಂದಿನ ಲಾರಿಯೂ ಮರವೂ ಕಲಸಿಹೋಗುತ್ತವೆ. ಜಾಗ ಬದಲಾದರೆ ಗಾಡಿ ನಿಲ್ಲಿಸಿ, ಇಳಿದು, ಹೋಗಿ ತಿರುಗಿಸಬೇಕು. ಕನ್ನಡಿ ಬಿಚ್ಚಿದಾಗ ತೂತಿನ ಸುತ್ತ ಪೇಂಟ್ ಉಬ್ಬಿತ್ತು. ಉಗುರಿನಲ್ಲಿ ಕೆರೆದರೆ ಕಂದು ಪುಡಿ ಉದುರಿತು. ಎಡಗಡೆಗೂ ಅಂಥದ್ದೇ ತೂತು ಹೊಡೆಸಲು ನನಗೆ ಮನಸ್ಸು ಬರಲಿಲ್ಲ. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮವೂ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ಒಪ್ಪಬೇಕಾದರೆ ಅದು ಮೂಲ ರೂಪದಲ್ಲೇ ಇರಬೇಕು ಅನ್ನುತ್ತದೆ. ಒಂದು ತೂತಿಗೆ ಯಾರೂ ತಕರಾರು ತೆಗೆಯಲಿಕ್ಕಿಲ್ಲ. ಆದರೆ 70 ವರ್ಷ ಉಳಿದು ಬಂದ ತಗಡನ್ನು ನಾನು ಕೊರೆಯಲಾರೆ.

ಬಾಗಿಲಿಗೆ ಕಚ್ಚುವ ಕ್ಲ್ಯಾಂಪ್ ಕನ್ನಡಿ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ತೂತು ಬೇಡ, ಹತ್ತು ನಿಮಿಷದ ಕೆಲಸ. ಆದರೆ ಟಿಡಿಯ ಬಾಗಿಲಿನ ಕೀಲು ಹಿಂದುಗಡೆ ಇದೆ. ತೆರೆದಾಗ ಮುಂದಿನ ಅಂಚು ರಸ್ತೆ ಕಡೆಗೆ ಚಾಚುತ್ತದೆ, ಕನ್ನಡಿಯೂ ಜೊತೆಗೇ. ಮೊದಲ ದಿನವೇ ಪಕ್ಕದ ಮನೆಯ ಕಾಂಪೌಂಡಿಗೆ ತಗುಲಿತು. ಬಾಗಿಲು ಪ್ರತಿಸಲ ಹಾಕಿದಾಗಲೂ ಕನ್ನಡಿ ಒಂದಿಷ್ಟು ಕೆಳಗೆ ಬಾಗುತ್ತದೆ. ಮೇಲಾಗಿ ಈ ಬಾಗಿಲಿನ ಮೇಲಂಚು ಮೊಣಕೈ ಇಡಲು ಹೇಳಿ ಮಾಡಿಸಿದ ಹಾಗೆ ತಗ್ಗಿದೆ. ಕನ್ನಡಿಯೂ ಅಷ್ಟೇ ತಗ್ಗಿನಲ್ಲಿ ಕೂತು, ನೋಡಬೇಕೆಂದರೆ ರಸ್ತೆ ಬಿಟ್ಟು ಕಣ್ಣು ಕೆಳಗಿಳಿಸಬೇಕಾಯಿತು. ಮಳೆಗೆ ಪಕ್ಕದ ಪರದೆ (ಕಿಟಕಿ ಗಾಜಿನ ಬದಲು ಬಾಗಿಲಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪರದೆ) ಹಾಕಲು ಹೋದರೆ ಕ್ಲ್ಯಾಂಪ್ ಅಡ್ಡ ಬಂತು. ಮೂರನೇ ದಿನ ಬಿಚ್ಚಿದೆ. ಒಳಗಡೆ ರೆಕ್ಸಿನ್ ಮೇಲೆ ಹಲ್ಲಿನ ಗುರುತು ಹಾಗೇ ಉಳಿದಿದೆ.

ಕೊನೆಗೆ ಗೆದ್ದದ್ದು ಗಾಜಿನ ಪಕ್ಕದ ಕಂಬ. ಟಿಡಿಯ ಮುಂದಿನ ಗಾಜನ್ನು ಮುಂದಕ್ಕೆ ಮಲಗಿಸಬಹುದು, ಗೊತ್ತಲ್ವಾ? ಗಾಜಿನ ಚೌಕಟ್ಟು ಮಲಗುತ್ತದೆ, ಅದನ್ನು ಎರಡೂ ಪಕ್ಕ ಹಿಡಿದಿರುವ ಕಂಬ ಕಾರಿನ ಮೈಗೆ ಕಚ್ಚಿಕೊಂಡು ನಿಂತೇ ಇರುತ್ತದೆ. ಕನ್ನಡಿಯನ್ನು ಚೌಕಟ್ಟಿಗೆ ಹಾಕಿದರೆ ಗಾಜು ಮಲಗಿಸಿದಾಗ ಅದೂ ಮಲಗುತ್ತದೆ. ಕಂಬಕ್ಕೆ ಹಾಕಿದರೆ ಅಲ್ಲೇ ಇರುತ್ತದೆ. ಹಾಗಾಗಿ ಕಂಬದ ಬೋಲ್ಟನ್ನೇ ಬಳಸಿ ಒಂದು ಪಟ್ಟಿ ಮಾಡಿಸಿದೆ. ಲೇತ್ ಅಂಗಡಿಯವರು ಮೊದಲು 3 ಮಿ.ಮೀ. ತಗಡಿನಲ್ಲಿ ಮಾಡಿಕೊಟ್ಟರು, ಅದು ನಡುಗಿತು. 5 ಮಿ.ಮೀ. ಸ್ಟೀಲಿನಲ್ಲಿ ಮತ್ತೆ ಮಾಡಿಸಿದೆ. ಕಂಬಕ್ಕೂ ಪಟ್ಟಿಗೂ ನಡುವೆ ಹಳೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಿಲ್ಲೆ ಇಟ್ಟೆ. ಕ್ರೋಮ್‌ಗೆ ಗೀರು ಬೀಳುವುದಿಲ್ಲ, ನಡುಕವೂ ಸತ್ತಿತು. ಈಗ 60 ಕಿ.ಮೀ. ವೇಗದಲ್ಲಿ ಹಿಂದಿನ ಗಾಡಿಯ ನಂಬರ್ ಪ್ಲೇಟ್ ನಿಚ್ಚಳವಾಗಿ ಕಾಣುತ್ತದೆ.

ಕನ್ನಡಿ ಯಾವುದು ಅಂದರೆ ಬೈಕಿನದು. ಕಾಂಡ ಇರುವ ಗುಂಡನೆಯ ಕನ್ನಡಿ, 10 ಮಿ.ಮೀ. ಥ್ರೆಡ್. ಹಳೆ ಕಾರಿಗೆ ಹೊಂದುತ್ತದೆ, ಒಡೆದರೆ ಯಾವ ಊರಲ್ಲೂ ಸಿಗುತ್ತದೆ. ಕೊಳ್ಳುವಾಗ ಒಂದು ಎಚ್ಚರ ಇರಲಿ. ಕೆಲವು ಬೈಕ್‌ಗಳ ಬಲಗಡೆ ಕನ್ನಡಿಗೆ ಉಲ್ಟಾ ಥ್ರೆಡ್ ಇರುತ್ತದೆ. ಗೊತ್ತಿಲ್ಲದೆ ಬಲ ಹಾಕಿ ತಿರುಗಿಸಿದರೆ ಎರಡೂ ಹಾಳು. ಕಾಂಡ ಆದಷ್ಟು ಮೋಟಾಗಿರಲಿ, ಉದ್ದ ಇದ್ದಷ್ಟೂ ನಡುಗುತ್ತದೆ.

ಚಪ್ಪಟೆಯೋ ಉಬ್ಬೋ ಅನ್ನುವುದಕ್ಕೆ ಎರಡೂ ಕಡೆ ಒಂದೇ ಉತ್ತರ ಇಲ್ಲ. ಬಲಗಡೆ ಕಂಬ ಕಣ್ಣಿಗೆ ಹತ್ತಿರ, ಸುಮಾರು 60 ಸೆಂ.ಮೀ. ಅಲ್ಲಿ ಚಪ್ಪಟೆ ಗಾಜೇ ಒಳ್ಳೆಯದು. ಹಿಂದಿನ ಬಸ್ಸು ಎಷ್ಟು ದೂರ ಇದೆಯೋ ಅಷ್ಟೇ ದೂರದಲ್ಲಿ ಕಾಣುತ್ತದೆ, ಓವರ್‌ಟೇಕ್ ಮಾಡುವಾಗ ನಂಬಬಹುದು. ಎಡಗಡೆ ಕಂಬ ಕಣ್ಣಿನಿಂದ 1.1 ಮೀಟರ್. ಚಪ್ಪಟೆ ಹಾಕಿದರೆ ಗೆರೆ ಮೇಲೆ ಒಂದೇ ಮೀಟರ್ ಕಂಡಿತು. 1200 ಮಿ.ಮೀ. ರೇಡಿಯಸ್‌ನ ಉಬ್ಬು ಗಾಜು ಹಾಕಿದ ಮೇಲೆ ಎರಡೂವರೆ ಮೀಟರ್ ದಾಟಿತು. ಅಕ್ಕನ ಮಗ ಚರಂಡಿ ಕಲ್ಲಿನ ಮೇಲೆ ಹತ್ತಿ ನಿಂತರೂ ಕಾಣುತ್ತಿದ್ದ. ಆದರೆ ಉಬ್ಬು ಗಾಜಿನಲ್ಲಿ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ, ಚಪ್ಪಟೆಯಲ್ಲಿ ಕಾಣುವುದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಪಕ್ಕದಲ್ಲೇ ಇರುವ ಸ್ಕೂಟರ್ ಎಲ್ಲೋ ದೂರ ಇದ್ದ ಹಾಗೆ ಅನಿಸುತ್ತದೆ. ಎಡಗನ್ನಡಿಯಲ್ಲಿ ನಾನು ದೂರ ಲೆಕ್ಕ ಹಾಕುವುದಿಲ್ಲ. ಯಾರಾದರೂ ಇದ್ದಾರಾ, ಇಲ್ವಾ? ಅಷ್ಟೇ ನೋಡುತ್ತೇನೆ. ಇದ್ದರೆ ತಿರುಗಿಸುವುದಿಲ್ಲ. ಕನ್ನಡಿ ಮೇಲೆ ಅಂಟಿಸುವ ಪುಟ್ಟ ಉಬ್ಬು ಬಿಲ್ಲೆಯನ್ನೂ ಹಾಕಿ ನೋಡಿದೆ. ಅಷ್ಟು ದೂರದಿಂದ ಅದರಲ್ಲಿ ಏನೂ ಗೊತ್ತಾಗಲಿಲ್ಲ.

ಒಂದು ಕಡೆ ಮಾತ್ರ ಮಡ್‌ಗಾರ್ಡ್ ಕನ್ನಡಿಯೇ ಮೇಲು: ಮಳೆ. ಟಾಪ್ ಎತ್ತಿ ಪಕ್ಕದ ಪರದೆ ಸಿಕ್ಕಿಸಿದರೆ ಎಡಗಡೆ ಕಂಬದ ಕನ್ನಡಿಯನ್ನು ಪರದೆಯ ಪ್ಲಾಸ್ಟಿಕ್ ಮೂಲಕವೇ ನೋಡಬೇಕು. ನನ್ನದು ಹಳದಿ ತಿರುಗಿ, ಗೀರು ಬಿದ್ದು, ಅದರಾಚೆ ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕನ್ನಡಿಯನ್ನು ಮುಂದಕ್ಕೆ ತಳ್ಳಿ ಗಾಜಿನ ಮೂಲಕ ನೋಡೋಣ ಅಂದರೆ, ಮೇಲಿಂದ ಇಳಿಬಿದ್ದ ವೈಪರ್ ಆ ಮೂಲೆಗೆ ಮುಟ್ಟುವುದಿಲ್ಲ. ಹಾಗಾಗಿ ಕನ್ನಡಿ ಇದ್ದಲ್ಲೇ ಬಿಟ್ಟೆ. ಎರಡೂ ಪರದೆಗಳನ್ನು ಹೊಸ ಪ್ಲಾಸ್ಟಿಕ್ ಹಾಕಲು ಟಾಪ್ ಹೊಲಿಯುವವರಿಗೆ ಕೊಟ್ಟಿದ್ದೇನೆ. "ಸಾರ್, ಮುಂದಿನ ವಾರ ಬನ್ನಿ" ಅಂದಿದ್ದಾರೆ. ಅಲ್ಲಿಯವರೆಗೆ ಮೋಡ ಕವಿದ ದಿನ ಕಾರು ಶೆಡ್ಡಿನಲ್ಲೇ ಇರುತ್ತದೆ.