ಎ.ಸಿ. ಪೈಪಿನ ಕಪ್ಪು ರಬ್ಬರ್ ಕೊಳವೆ, ಸ್ಪಿತಿಯ ಥಂಡಿಯಲ್ಲಿ

ಹುಬ್ಬಳ್ಳಿಯ ಥಂಡಿಗೆ ನಳದ ನೀರು ಗಡ್ಡೆಯಾಗುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಹಿಮಾಚಲದ ಸ್ಪಿತಿಗೆ ಹೊರಟಿದ್ದ ನಮ್ಮ ಕ್ಯಾಂಪರ್ ಗಾಡಿಯ (ಒಳಗೇ ಮಲಗುವ, ನೀರಿನ ವ್ಯವಸ್ಥೆ ಇರುವ ಗಾಡಿ) ಪೈಪಿಗೆ ಹೊದಿಸುವ ಸಾಮಾನು ಇಲ್ಲಿ ಸಿಗಲ್ಲ ಅಂತ ಗೆಳೆಯರೆಲ್ಲ ಹೇಳಿದ್ದರು. ದುರ್ಗದಬೈಲ್ ಕಡೆಯ ಒಂದು ಫ್ರಿಜ್, ಎ.ಸಿ. ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಎ.ಸಿ.ಯ ತಾಮ್ರದ ಪೈಪಿಗೆ ಹಾಕುವ ಕಪ್ಪು ನೈಟ್ರೈಲ್ ರಬ್ಬರ್ ಕೊಳವೆ ಇದೆಯಲ್ಲ, ಅದೇ.

"ಎಷ್ಟು ಟನ್ನಿನ ಎ.ಸಿ.ರೀ?" ಅಂದರು ಅಂಗಡಿಯವರು. "ಎ.ಸಿ. ಅಲ್ರೀ, ಗಾಡಿ ನೀರಿನ ಪೈಪಿಗೆ" ಅಂದೆ. ಒಂದು ಸಲ ಮುಖ ನೋಡಿದರು, ಆದರೆ ಅಳತೆ ಸರಿಯಾಗಿ ಕೊಟ್ಟರು. ನಮ್ಮ ಗಾಡಿಯ ಅರ್ಧ ಇಂಚಿನ ಸಿಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಪೈಪಿನ ಹೊರ ಅಳತೆ ಸುಮಾರು 15.9 ಮಿ.ಮೀ. ಎ.ಸಿ.ಯವರ 5/8 ಇಂಚಿನ ತಾಮ್ರದ ಪೈಪಿನದೂ ಅಷ್ಟೇ. ಹೀಗಾಗಿ ಬಿಗಿಯಾಗಿ ಕೂತಿತು. ರಬ್ಬರಿನ ದಪ್ಪ 9, 13, 19 ಮಿ.ಮೀ. ಹೀಗೆ ಬರುತ್ತದೆ. 9ರದ್ದು ಸುಮ್ನೆ ದಂಡ, 13ಕ್ಕಿಂತ ಕಡಿಮೆ ತಗೋಬೇಡಿ.

ಚಳಿಗಾಲದಲ್ಲಿ ಮನಾಲಿ ಕಡೆಯ ಕುಂಜುಮ್ ಪಾಸ್ (ಕಣಿವೆ ದಾರಿ) ಮುಚ್ಚಿರುತ್ತದೆ, ಕಿನ್ನೌರ್ ದಾರಿಯಲ್ಲೇ ಹೋದೆವು. ಅಲ್ಲಿ ರಾತ್ರಿ ಸೊನ್ನೆಗಿಂತ ಸ್ವಲ್ಪ ಕೆಳಗೆ ಇಳಿದಾಗ ಈ ರಬ್ಬರ್ ಚೆನ್ನಾಗಿ ಕಾಪಾಡಿತು. ಮುಂದೆ ಸ್ಪಿತಿಯ ಮುಖ್ಯ ಊರು ಕಾಜಾದಲ್ಲಿ ಇದೊಂದನ್ನೇ ನಂಬಿದರೆ ಆಗಲ್ಲ. ಕೌದಿ ಹೊದ್ದಂತೆ, ಇದ್ದ ಬಿಸಿ ಹೋಗದಂತೆ ತಡೆಯುತ್ತದೆ, ಅಷ್ಟೇ. ತಾನಾಗಿ ಬಿಸಿ ಮಾಡಲ್ಲ. ನೀರು ಗಡ್ಡೆಯಾದರೆ ಸುಮಾರು 9% ಹಿಗ್ಗುತ್ತದೆ. ಸಿಪಿವಿಸಿ ಮೊದಲೇ ಥಂಡಿಗೆ ಪೆಡಸಾಗಿರುತ್ತದೆ, ಚಟ್ ಅಂತ ಸೀಳುತ್ತದೆ.

ಅದಕ್ಕೇ ರಬ್ಬರಿನ ಒಳಗೆ 12 ವೋಲ್ಟಿನ ಹೀಟಿಂಗ್ ಕೇಬಲ್ ಎಳೆದಿದ್ದೆವು. ಮೀಟರಿಗೆ 15 ವ್ಯಾಟ್. 3 ಮೀಟರ್ ಕೇಬಲ್ 10 ತಾಸು ಉರಿದರೆ 450 ವ್ಯಾಟ್-ಅವರ್ ಹೋಯಿತು. 12 ವೋಲ್ಟಿನ 100 ಆಂಪಿಯರ್-ಅವರ್ ಲೆಡ್ ಆ್ಯಸಿಡ್ ಬ್ಯಾಟರಿಯಿಂದ ಅರ್ಧದಷ್ಟೇ ಬಳಸಬೇಕು, ಅಂದರೆ 600 ವ್ಯಾಟ್-ಅವರ್. ಥಂಡಿಯಲ್ಲಿ ಅದೂ ಇನ್ನಷ್ಟು ಇಳಿಯುತ್ತದೆ. ಲೈಟು, ಫೋನ್ ಚಾರ್ಜಿಂಗ್ ಬೇರೆ. ಕೊನೆಗೆ ಕಾಜಾದಲ್ಲಿ ರಾತ್ರಿ ಮಲಗುವ ಮುಂಚೆ ಪಂಪು, ಪೈಪಿನ ನೀರೆಲ್ಲ ಹೊರಗೆ ಬಿಟ್ಟು, ನಳ ತೆರೆದಿಡುವುದೇ ರೂಢಿಯಾಯಿತು. ಕುಡಿಯುವ ನೀರಿನ ಕ್ಯಾನ್ ಹಾಸಿಗೆ ಪಕ್ಕದಲ್ಲಿ!

ದೂರು ಒಂದಿದೆ. ಹಾಕಿದ ಪೈಪಿನ ಮೇಲೆ ಕೂರಿಸಲು ಕೊಳವೆಯನ್ನು ಉದ್ದಕ್ಕೆ ಸೀಳಬೇಕು. ಜೊತೆಗೆ ಕೊಟ್ಟ ಟೇಪು ಥಂಡಿಗೆ ಬಿಟ್ಟುಕೊಂಡಿತು. ರಬ್ಬರ್ ಅಂಟು ಹಚ್ಚಿ ಒಣಗಿಸಿದರೆ ಗಟ್ಟಿ. ಎಲ್ಬೋ (ಪೈಪಿನ ತಿರುವು) ಇರುವ ಕಡೆ ಇದೇ ರಬ್ಬರಿನ ಶೀಟ್ ಕತ್ತರಿಸಿ ಸುತ್ತಿ, ಮೊದಲು ಗಡ್ಡೆ ಕಟ್ಟುವುದು ಅಲ್ಲೇ. ಕೇಬಲ್ ಹಾಕುವವರು 5/8 ಬದಲು 3/4 ಇಂಚಿನ ಕೊಳವೆ ಕೇಳಿ, ಇಲ್ಲದಿದ್ದರೆ ಒಳಗೆ ಹಿಡಿಸಲ್ಲ.