ನಿಲ್ಲಿಸಿಟ್ಟ ವಾಚ್ ಮತ್ತೆ ಶುರು ಮಾಡಲು ಯಾವ ದಾರಿ?

ಎಲಾಸ್ಟಿಕ್‌ಸರ್ಚ್ ಎಂಬ ದತ್ತಾಂಶ ಹುಡುಕುವ ತಂತ್ರಾಂಶದಲ್ಲಿ, ಷರತ್ತು ಕೂಡಿದಾಗ ತಾನೇ ಮೇಲ್ ಕಳಿಸುವಂಥ ಎಚ್ಚರಿಕೆ ನಿಯಮಕ್ಕೆ ವಾಚ್ ಎನ್ನುತ್ತಾರೆ. ನಿಲ್ಲಿಸಿಟ್ಟ ವಾಚ್‌ಗಳನ್ನು ಮತ್ತೆ ಚಾಲೂ ಮಾಡಲು ಮೂರು ದಾರಿ ಬಳಸಿದ್ದೇನೆ: ಕಿಬಾನಾ (ಎಲಾಸ್ಟಿಕ್‌ಸರ್ಚ್‌ನ ವೆಬ್ ಪರದೆ), ವಾಚನ್ನು ಮತ್ತೊಮ್ಮೆ ಪುಟ್ ಮಾಡುವುದು (ಅಂದರೆ ಇಡೀ ವಾಚನ್ನು ಮತ್ತೆ ಉಳಿಸುವುದು), ಪೈಥಾನ್ ಕ್ಲೈಂಟ್‌ನ ಆಕ್ಟಿವೇಟ್ ಕರೆ. ಈಗ ನನ್ನ ಕೈ ಹೋಗುವುದು ಮೂರನೆಯದಕ್ಕೇ.

ಪುಟ್ ದಾರಿಯಲ್ಲಿ ಪೆಟ್ಟು ತಿಂದಿದ್ದೇನೆ. ಸರ್ವರ್ ಕೆಲಸವಿದ್ದ ಒಂದು ರಾತ್ರಿ 40 ವಾಚ್‌ಗಳನ್ನು ನಿಲ್ಲಿಸಿದ್ದೆ. ಹೇಗೂ ಎಲ್ಲಾ ನಿಂತಿವೆ ಅಲ್ವಾ ಎಂದುಕೊಂಡು, ಎಷ್ಟು ದಾಟಿದರೆ ಎಚ್ಚರಿಸಬೇಕು ಎಂಬ ಮಿತಿಯ ಸಂಖ್ಯೆಯನ್ನು ಪುಟ್ ಮೂಲಕ ಬದಲಿಸುವ ನನ್ನದೇ ಹಳೆಯ ಸ್ಕ್ರಿಪ್ಟ್ ಓಡಿಸಿದೆ. ಸ್ವಲ್ಪ ಹೊತ್ತಿಗೇ ಮೇಲ್‌ಗಳು ಸುರಿಯತೊಡಗಿದವು. ಮೊದಲು ಕ್ಲಸ್ಟರ್ (ಎಲಾಸ್ಟಿಕ್‌ಸರ್ಚ್ ಓಡುವ ಸರ್ವರ್‌ಗಳ ಗುಂಪು) ಕೆಟ್ಟಿದೆ ಎಂದುಕೊಂಡು ಲಾಗ್ ಹುಡುಕುತ್ತಾ ಕೂತೆ. ಅಲ್ಲೇನೂ ಸಿಗಲಿಲ್ಲ.

ಪುಟ್ ಕರೆಗೆ ಆಕ್ಟಿವ್ ಎಂಬ ಆಯ್ಕೆ ಇದೆ. ನಾವೇ ಫಾಲ್ಸ್ ಎಂದು ಹೇಳದಿದ್ದರೆ ಅದು ಟ್ರೂ. ನನ್ನ ಸ್ಕ್ರಿಪ್ಟ್‌ನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಸಂಖ್ಯೆ ಬದಲಿಸಲು ಹೋಗಿ ನಲವತ್ತನ್ನೂ ಎಬ್ಬಿಸಿದ್ದೆ.

ಇನ್ನೊಂದು ತೊಡಕು ಆಮೇಲೆ ಗೊತ್ತಾಯಿತು. ಸೆಕ್ಯೂರಿಟಿ ಹಾಕಿದ ಕ್ಲಸ್ಟರ್‌ನಲ್ಲಿ ವಾಚ್ ಓಡುವುದು ಅದನ್ನು ಉಳಿಸಿದವರ ಅನುಮತಿಗಳ ಮೇಲೆ. ಕಡಿಮೆ ಅನುಮತಿಯ ಖಾತೆಯಿಂದ ಪುಟ್ ಮಾಡಿದರೆ, ನಿನ್ನೆವರೆಗೆ ಓದುತ್ತಿದ್ದ ಇಂಡೆಕ್ಸ್ (ದತ್ತಾಂಶದ ಸಂಗ್ರಹ) ಇವತ್ತು ಅದರ ಕೈಗೆ ಸಿಗದೇ ಹೋಗಬಹುದು. ಸುಮ್ನೆ ಶುರು ಮಾಡಲು ಇಷ್ಟು ದೊಡ್ಡ ಅಪಾಯ ಯಾಕೆ?

ಆಕ್ಟಿವೇಟ್ ಕರೆಗೆ ವಾಚ್‌ನ ಐಡಿ ಒಂದೇ ಸಾಕು. ಷರತ್ತು, ವೇಳೆ, ಮೇಲ್ ವಿಳಾಸ ಯಾವುದನ್ನೂ ಅದು ಮುಟ್ಟುವುದಿಲ್ಲ. ಉತ್ತರದಲ್ಲಿ ಸ್ಟೇಟಸ್ ಬರುತ್ತದೆ, ಅದರೊಳಗೆ ಸ್ಟೇಟ್, ಅದರೊಳಗೆ ಆಕ್ಟಿವ್. ನಾನು ಐಡಿಗಳ ಪಟ್ಟಿಯನ್ನು ಲೂಪ್‌ಗೆ ಕೊಟ್ಟು, ಪ್ರತಿಯೊಂದರ ಆ ಮೌಲ್ಯವನ್ನು ಪ್ರಿಂಟ್ ಮಾಡಿಸುತ್ತೇನೆ. ಖಾತೆಗೆ ಮ್ಯಾನೇಜ್ ವಾಚರ್ ಅನುಮತಿ ಇರಬೇಕು. ಜೊತೆಗೆ ವಾಚ್‌ಗಳನ್ನು ಓಡಿಸುವ ವಾಚರ್ ಸೇವೆಯೂ ಓಡುತ್ತಿರಬೇಕು. ಸೇವೆಯೇ ನಿಂತಿದ್ದರೆ ವಾಚ್ ಆಕ್ಟಿವ್ ಇದ್ದೂ ಅಲರ್ಟ್ ಬರುವುದಿಲ್ಲ. ಅದಕ್ಕೇ ಲೂಪ್‌ಗೆ ಮುಂಚೆ ವಾಚರ್ ಸ್ಟ್ಯಾಟ್ಸ್ ನೋಡುವ ಒಂದು ಸಾಲು ಸೇರಿಸಿದ್ದೇನೆ.

ಕಿಬಾನಾ ಒಂದೆರಡು ವಾಚ್‌ಗೆ ಚೆನ್ನಾಗಿದೆ. ನಲವತ್ತಕ್ಕೆ ಕೈ ನೋಯುತ್ತದೆ.

ಖರ್ಚಿನ ಮಾತು: ವಾಚರ್‌ಗೆ ಬೇಸಿಕ್ ಲೈಸೆನ್ಸ್ ಸಾಲದು, 30 ದಿನದ ಟ್ರಯಲ್‌ನಲ್ಲಿ ಪರೀಕ್ಷಿಸಬಹುದು. ದುಡ್ಡು ಕೊಡಲಾಗದಿದ್ದರೆ ಕಿಬಾನಾದ ಅಲರ್ಟ್ ರೂಲ್‌ಗಳಿವೆ, ಆದರೆ ಬೇಸಿಕ್‌ನಲ್ಲಿ ಮೇಲ್ ಕಳಿಸಲು ಆಗುವುದಿಲ್ಲ. ನನ್ನ ತಂಡ ಮೇಲ್ ನೋಡಿಯೇ ಏಳುತ್ತದೆ, ಹಾಗಾಗಿ ವಾಚರ್ ಬಿಡಲಿಲ್ಲ.

ಹಳೆಯ ಸ್ಕ್ರಿಪ್ಟನ್ನೂ ತಿದ್ದಿದ್ದೇನೆ. ಈಗ ಅದು ಮೊದಲು ವಾಚ್‌ನ ಸ್ಥಿತಿ ಓದುತ್ತದೆ, ಅದೇ ಮೌಲ್ಯವನ್ನು ಆಕ್ಟಿವ್‌ಗೆ ಕೊಟ್ಟು ಪುಟ್ ಮಾಡುತ್ತದೆ.