ಕೋಬೊಟೂಲ್‌ಬಾಕ್ಸ್: ಎರಡು ಭಾಷೆಯ ಗಡಿನಾಡಿನಲ್ಲಿ ಮನೆ ಸಮೀಕ್ಷೆಗೆ ಬಳಸಿ ನೋಡಿದ್ದು

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಬದಿಯಡ್ಕ, ಪೈವಳಿಕೆ ಕಡೆ ಮನೆ ಮನೆ ಮಾಹಿತಿ ಕಲೆಹಾಕಲು ಹೊರಡುವ ಯಾವುದೇ ಸ್ವಯಂಸೇವಾ ಸಂಸ್ಥೆಗೆ ಎದುರಾಗುವ ದೊಡ್ಡ ತೊಡಕು ಭಾಷೆಯದು. ಮನೆಯವರು ಮಾತಾಡುವುದು ತುಳು, ಬ್ಯಾರಿ ಅಥವಾ ಕೊಂಕಣಿ. ಕಾರ್ಯಕರ್ತೆ ಬರೆದುಕೊಳ್ಳುವುದು ಕನ್ನಡದಲ್ಲಿ. ಪಂಚಾಯತ್ ಕಚೇರಿಗೂ ಜಿಲ್ಲಾ ಕೇಂದ್ರಕ್ಕೂ ಹೋಗಬೇಕಾದ ಪಟ್ಟಿ ಮಲಯಾಳದಲ್ಲಿ. ಕಾಗದದ ಫಾರ್ಮಿನಲ್ಲಿ ಬರೆದುದನ್ನು ಯಾರೋ ಕುಳಿತು ಅನುವಾದಿಸಿ ಟೈಪು ಮಾಡುವಾಗ ಹೆಸರು ಬದಲಾಗುತ್ತದೆ, ವಯಸ್ಸು ತಪ್ಪುತ್ತದೆ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದವರ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಹಣ ಒಂದು ಮನೆಗೆ ತಲುಪಬೇಕಾದರೆ ಪಟ್ಟಿಯಲ್ಲಿ ಹೆಸರು ಸರಿಯಾಗಿ ಇರಬೇಕು.

ಕಾಗದದ ಬದಲು ಫೋನಿನಲ್ಲೇ ಸಮೀಕ್ಷೆಯ ಫಾರ್ಮ್ ತುಂಬಿ ಮಾಹಿತಿ ಕಲೆಹಾಕುವ ತಂತ್ರಾಂಶ ಕೋಬೊಟೂಲ್‌ಬಾಕ್ಸ್. ಅದು ಶುರುವಾದದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾನವೀಯ ನೆರವಿನ ಅಧ್ಯಯನ ಕೇಂದ್ರದಲ್ಲಿ. ಈಗ ಅದನ್ನು ಒಂದು ಲಾಭರಹಿತ ಸಂಸ್ಥೆ ನಡೆಸುತ್ತಿದೆ. ಫೋನಿನಲ್ಲಿ ಓಡುವ ಕೋಬೊಕಲೆಕ್ಟ್ ಆ್ಯಪ್‌ನ ಬುಡ ಒಡಿಕೆ ಎಂಬ ಮುಕ್ತ ತಂತ್ರಾಂಶ. ಅದರ ಕೆಲಸ 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ, ನೆಟ್‌ವರ್ಕ್ ಇಲ್ಲದ ಗುಡ್ಡೆಯ ಬುಡದ ಮನೆಯಲ್ಲೂ ತುಂಬಬಹುದು. ಸಂಜೆ ಸಿಗ್ನಲ್ ಸಿಕ್ಕಲ್ಲಿ ಕಳುಹಿಸಿದರೆ ಆಯಿತು.

ಗಡಿನಾಡಿಗೆ ಇದು ಹೇಳಿ ಮಾಡಿಸಿದಂತಿರುವುದಕ್ಕೆ ಕಾರಣ ಬೇರೆಯೇ ಇದೆ. ಪ್ರಶ್ನೆಗಳನ್ನು ಎಕ್ಸೆಲ್ ಹಾಳೆಯಲ್ಲಿ ಬರೆಯುತ್ತೇವೆ. ಇದಕ್ಕೆ ಎಕ್ಸ್‌ಎಲ್‌ಎಸ್‌ಫಾರ್ಮ್ ಎನ್ನುತ್ತಾರೆ. ಒಂದು ಹಾಳೆಯಲ್ಲಿ ಪ್ರಶ್ನೆಗಳು, ಇನ್ನೊಂದರಲ್ಲಿ ಆಯ್ಕೆಗಳು, ಮೂರನೆಯದರಲ್ಲಿ ಸೆಟ್ಟಿಂಗ್ಸ್. ಪ್ರತಿ ಆಯ್ಕೆಗೂ ಒಳಗೊಂದು ಕೋಡ್, ಹೊರಗೆ ಬೇಕಾದಷ್ಟು ಭಾಷೆಯ ಲೇಬಲ್ ಕಾಲಂ. ರೇಷನ್ ಕಾರ್ಡಿನ ಉದಾಹರಣೆ ನೋಡಿ: ಕೇರಳದಲ್ಲಿ ಹಳದಿ, ಗುಲಾಬಿ, ನೀಲಿ, ಬಿಳಿ ಎಂದು ಕಾರ್ಡಿಗೆ ಬಣ್ಣಗಳಿವೆ. ಒಳಗೆ 1, 2, 3, 4 ಎಂದು ಕೋಡ್ ಕೊಟ್ಟರೆ ಕಾರ್ಯಕರ್ತೆಯ ಫೋನಿನಲ್ಲಿ ಕನ್ನಡದ 'ಹಳದಿ' ಕಾಣಿಸುತ್ತದೆ, ದಾಖಲಾಗುವುದು 1. ಡೌನ್‌ಲೋಡ್ ಮಾಡುವಾಗ ಮಲಯಾಳ ಲೇಬಲ್ ಆರಿಸಿದರೆ ಅದೇ ಸಾಲು ಮಲಯಾಳದಲ್ಲಿ ಬರುತ್ತದೆ, ಕನ್ನಡ ಆರಿಸಿದರೆ ಗ್ರಾಮಸಭೆಯಲ್ಲಿ ಓದಲು ಕನ್ನಡದ ಪಟ್ಟಿ. ನಡುವೆ ಯಾರೂ ಅನುವಾದಿಸಬೇಕಾಗಿಲ್ಲ. ಗೂಗಲ್ ಫಾರ್ಮ್ಸ್‌ನಲ್ಲಿ ಇದಕ್ಕೆ ಎರಡು ಬೇರೆ ಫಾರ್ಮ್ ಮಾಡಿ ಕೊನೆಗೆ ಎರಡನ್ನೂ ಕೂಡಿಸುತ್ತ ಕೂರಬೇಕು.

ಹಾಗಾಗಿ ನಮ್ಮ ಮೊದಲ ಸಲಹೆ: ಬರೆದು ತುಂಬುವ ಪ್ರಶ್ನೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಕೈಯಿಂದ ಟೈಪು ಮಾಡಿದ ಉತ್ತರ ಬರೆದ ಭಾಷೆಯಲ್ಲೇ ಉಳಿಯುತ್ತದೆ. ಊರಿನ ಹೆಸರನ್ನು ಟೈಪು ಮಾಡಲು ಬಿಟ್ಟರೆ ಎಣ್ಮಕಜೆ, ಯೆಣ್ಮಕಜೆ, ಎಣ್ಮಕಜೆ ಪಂ. ಎಂದು ಒಂದೇ ಊರು ಮೂರಾಗುತ್ತದೆ. ಪಂಚಾಯತ್, ವಾರ್ಡ್, ಕಾಲೊನಿ ಎಲ್ಲವನ್ನೂ ಪಟ್ಟಿಯಿಂದಲೇ ಆರಿಸುವಂತೆ ಮಾಡಿ. ಪಂಚಾಯತ್ ಆರಿಸಿದ ಮೇಲೆ ಅದರ ವಾರ್ಡ್‌ಗಳಷ್ಟೇ ಕಾಣುವಂತೆ ಆಯ್ಕೆ ಸೋಸುವ ಕಾಲಂ ಇದೆ. ವ್ಯಕ್ತಿಯ ಹೆಸರನ್ನು ಮಾತ್ರ ಟೈಪು ಮಾಡಲೇಬೇಕು. ಅದನ್ನು ರೇಷನ್ ಕಾರ್ಡ್ ನೋಡಿ ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಬರೆಸಿ. ಸರಕಾರಿ ಪಟ್ಟಿಯೊಂದಿಗೆ ತಾಳೆ ನೋಡುವಾಗ ಇಂಗ್ಲಿಷಿನದು ಕೆಲಸಕ್ಕೆ ಬರುತ್ತದೆ.

ಕನ್ನಡದ ಬಗ್ಗೆ ಇನ್ನೊಂದು ಮಾತು. ಹಳೆಯ ಫೈಲುಗಳಲ್ಲಿ ನುಡಿ, ಬರಹದ ಹಳೆ ಫಾಂಟಿನಲ್ಲಿ ಟೈಪು ಮಾಡಿದ ಪ್ರಶ್ನೆಗಳಿದ್ದರೆ ಅವನ್ನು ಹಾಗೇ ಅಂಟಿಸಬೇಡಿ. ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಾಣುತ್ತದೆ, ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಮೊದಲು ಯುನಿಕೋಡ್‌ಗೆ ಬದಲಿಸಿ. ಡೌನ್‌ಲೋಡ್ ಮಾಡುವಾಗಲೂ ಸಿಎಸ್‌ವಿ (ಸಾದಾ ಪಠ್ಯರೂಪದ ಪಟ್ಟಿಯ ಫೈಲ್) ಬಿಟ್ಟು ಎಕ್ಸೆಲ್ ರೂಪವನ್ನೇ ಆರಿಸಿ. ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡ ಕೆಡುವುದುಂಟು. ಆಗ ಎಕ್ಸೆಲ್‌ನ ಡೇಟಾ ಮೆನುವಿನಿಂದ ಫೈಲ್ ತರಿಸಿ ಯುಟಿಎಫ್-8 ಎಂಬ ಯುನಿಕೋಡ್ ರೂಪವನ್ನು ಆರಿಸಬೇಕು.

ಫೋನ್ ನಂಬರಿನ ಪ್ರಶ್ನೆಯಲ್ಲಿ ಬಹಳ ಮಂದಿ ಎಡವುತ್ತಾರೆ. ಪೂರ್ಣಾಂಕದ ಪ್ರಶ್ನೆ 9 ಅಂಕಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಮೊಬೈಲ್ ನಂಬರಿಗೆ ಬೇಕಾದದ್ದು 10. ಪ್ರಶ್ನೆಯನ್ನು ಪಠ್ಯ ಮಾದರಿಯಲ್ಲಿಟ್ಟು, ಅಂಕಿಗಳ ಕೀಲಿಮಣೆ ಮಾತ್ರ ಬರುವಂತೆ ಮಾಡಿ, 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ 10 ಅಂಕಿ ಎಂಬ ಷರತ್ತು ಹಾಕಿ. ರೇಷನ್ ಕಾರ್ಡ್ ನಂಬರಿಗೂ ಇದೇ ಕ್ರಮ. ವಯಸ್ಸಿಗೆ ಪೂರ್ಣಾಂಕ ಸಾಕು, 0ಯಿಂದ 110ರ ಮಿತಿ ಇಡಿ. ಹುಟ್ಟಿದ ದಿನಾಂಕವನ್ನು ಕಡ್ಡಾಯ ಮಾಡಿದರೆ ವಯಸ್ಸಾದವರೆಲ್ಲ ಜನವರಿ 1ರಂದು ಹುಟ್ಟಿದವರಾಗುತ್ತಾರೆ.

ಮನೆಯ ಗುರುತಿನ ಸಂಖ್ಯೆ ಇನ್ನೂ ಸೂಕ್ಷ್ಮ. ವಾರ್ಡ್ ನಂಬರ್ ಮತ್ತು ಮನೆ ನಂಬರ್ ಸೇರಿಸಿ ಗುರುತು ಮಾಡಿಕೊಂಡವರಿಗೆ 2025ರ ಸ್ಥಳೀಯಾಡಳಿತ ಚುನಾವಣೆಗೆ ಮೊದಲು ವಾರ್ಡ್‌ಗಳ ಗಡಿ ಬದಲಾದಾಗ ಹಳೆಯ ದಾಖಲೆ ಹೊಸದಕ್ಕೆ ಹೊಂದದೆ ಹೋಯಿತು. ಸಂಸ್ಥೆಯದೇ ಆದ ಕ್ರಮಸಂಖ್ಯೆ ಕೊಡಿ, ವಾರ್ಡ್ ಅನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಎರಡನೇ ಭೇಟಿಗೆ ಹೋಗುವಾಗ ಆ ಸಂಖ್ಯೆ ಹಾಕಿದರೆ ಮೊದಲ ಭೇಟಿಯ ಹೆಸರು, ಊರು ತಾನಾಗಿ ಬರುವಂತೆ ಮಾಡಬಹುದು. ಹಳೆಯ ಪಟ್ಟಿಯನ್ನು ಸಿಎಸ್‌ವಿಯಾಗಿ ಫಾರ್ಮಿಗೆ ಲಗತ್ತಿಸಿ, ಪುಲ್‌ಡೇಟಾ ಎಂಬ ಸೂತ್ರ ಬರೆದರೆ ಸಾಕು. ತಿಂಗಳು ತಿಂಗಳು ಔಷಧಿ, ಪಿಂಚಣಿಯ ಲೆಕ್ಕ ನೋಡುವ ಸಂಸ್ಥೆಗಳಿಗೆ ಇದು ತುಂಬ ಉಪಯುಕ್ತ.

ಅಂಗವೈಕಲ್ಯದ ಪ್ರಶ್ನೆಗೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಧಗಳನ್ನೂ ಒಂದೇ ಪಟ್ಟಿಯಲ್ಲಿ ಹಾಕಿದರೆ ಫೋನಿನ ಪರದೆಯಲ್ಲಿ ಎಳೆಯುತ್ತ ಹೋಗಿ ಕೈಗೆ ಸಿಕ್ಕಿದ್ದನ್ನು ಒತ್ತುವುದೇ ಹೆಚ್ಚು. ಮೊದಲು ಚಲನೆ, ದೃಷ್ಟಿ, ಶ್ರವಣ, ಬುದ್ಧಿ ಎಂದು ದೊಡ್ಡ ಗುಂಪು ಕೇಳಿ, ಆಮೇಲೆ ಒಳವಿಧಕ್ಕೆ ಹೋಗಿ. ಒಬ್ಬರಿಗೇ ಎರಡು ಮೂರು ತೊಂದರೆ ಇರುವುದರಿಂದ ಬಹು ಆಯ್ಕೆ ಕೊಡಲೇಬೇಕು. ಡೌನ್‌ಲೋಡ್‌ನಲ್ಲಿ ಪ್ರತಿ ಆಯ್ಕೆಯೂ 1 ಅಥವಾ 0 ಎಂದು ಬೇರೆ ಕಾಲಂ ಆಗಿ ಬರುವುದರಿಂದ ಎಣಿಕೆ ಸುಲಭ. ಮನೆಯ ಸದಸ್ಯರ ವಿವರವನ್ನು ಪುನರಾವರ್ತನೆ ಗುಂಪಿನಲ್ಲಿ (ಒಂದೇ ಪ್ರಶ್ನೆಗಳನ್ನು ಪ್ರತಿ ಸದಸ್ಯರಿಗೂ ಮತ್ತೆ ಕೇಳುವ ಗುಂಪು) ಇಟ್ಟರೆ ಅದು ಎಕ್ಸೆಲ್‌ನ ಎರಡನೇ ಹಾಳೆಗೆ ಹೋಗುತ್ತದೆ. ಮನೆಯ ಹಾಳೆಯ ಇಂಡೆಕ್ಸ್ ಮತ್ತು ಸದಸ್ಯರ ಹಾಳೆಯ ಪೇರೆಂಟ್ ಇಂಡೆಕ್ಸ್ ಕಾಲಂಗಳೇ ಇವೆರಡಕ್ಕೆ ಕೊಂಡಿ. ಇದು ಗೊತ್ತಿಲ್ಲದೆ ಒಂದು ಹಾಳೆಯನ್ನು ಮಾತ್ರ ಅಕಾರಾದಿ ಮಾಡಿ ಪಕ್ಕಕ್ಕೆ ಅಂಟಿಸಿದರೆ ಒಂದು ಮನೆಯ ಮಗು ಇನ್ನೊಂದು ಮನೆಗೆ ಸೇರಿಹೋಗುತ್ತದೆ.

ತಪ್ಪು ಹೆಚ್ಚಾಗಿ ನಡೆಯುವುದು ಸಮೀಕ್ಷೆಯ ನಡುವೆ ಫಾರ್ಮ್ ತಿದ್ದುವಾಗ. ಲೇಬಲ್ ತಿದ್ದಿದರೆ ತೊಂದರೆ ಇಲ್ಲ. ಪ್ರಶ್ನೆಯ ಒಳಹೆಸರು (ಹಾಳೆಯಲ್ಲಿ ಪ್ರಶ್ನೆಗೆ ಕೊಟ್ಟ ಗುರುತಿನ ಹೆಸರು) ಬದಲಿಸಿದರೆ ಉತ್ತರಗಳು ಹಳೆಯ ಕಾಲಂ, ಹೊಸ ಕಾಲಂ ಎಂದು ಎರಡಾಗುತ್ತವೆ. ಆಯ್ಕೆಯ ಕೋಡ್ 3ನ್ನು ತೆಗೆದು ಅದೇ 3ಕ್ಕೆ ಬೇರೆ ಅರ್ಥ ಕೊಡುವುದು ಅದಕ್ಕಿಂತ ಅಪಾಯ, ಏಕೆಂದರೆ ತಪ್ಪು ಕಣ್ಣಿಗೇ ಬೀಳುವುದಿಲ್ಲ. ತಿದ್ದಿದ ಫಾರ್ಮನ್ನು ಮತ್ತೆ ಪ್ರಕಟಿಸಿದ ಮೇಲೆ ಪ್ರತಿ ಫೋನಿಗೂ ಹೊಸ ಆವೃತ್ತಿ ಇಳಿದಿದೆಯೇ ನೋಡಿ.

ಫೋನಿನ ಕಡೆಯಿಂದ ಎರಡು ಎಚ್ಚರ. ಆ್ಯಪ್ ತೆಗೆದುಹಾಕಿದರೆ ಕಳುಹಿಸದೆ ಉಳಿದ ಫಾರ್ಮ್‌ಗಳೆಲ್ಲ ಹೋಗುತ್ತವೆ. ಜಾಗ ಸಾಲದೆ ಆ್ಯಪ್ ತೆಗೆಯುವ ಅಭ್ಯಾಸ ಇರುವ ಫೋನುಗಳಲ್ಲಿ ಇದನ್ನು ಮೊದಲೇ ಹೇಳಿಬಿಡಿ. ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ಕಳುಹಿಸುವ ಆಯ್ಕೆಯನ್ನು ವೈಫೈ ಮತ್ತು ಮೊಬೈಲ್ ಡೇಟಾ ಎರಡಕ್ಕೂ ಹಾಕಿಡಿ. ಇನ್ನೊಂದು ಫೋಟೊ. ಸಾವಿರ ಮನೆ, ಮನೆಗೆರಡು ಫೋಟೊ, ಒಂದೊಂದು 3 ಎಂಬಿ ಎಂದರೆ 6 ಜಿಬಿ ಆಯಿತು. ಎಕ್ಸೆಲ್ ಹಾಳೆಯಲ್ಲಿ ಫೋಟೊ ಪ್ರಶ್ನೆಯ ಎದುರು ಮ್ಯಾಕ್ಸ್ ಪಿಕ್ಸೆಲ್ಸ್ (ಚಿತ್ರದ ಗರಿಷ್ಠ ಅಳತೆ) 1024 ಎಂದು ಬರೆದರೆ ಒಂದು ಫೋಟೊ ಸುಮಾರು 250 ಕೆಬಿಗೆ ಇಳಿಯುತ್ತದೆ, ಒಟ್ಟು ಅರ್ಧ ಜಿಬಿ. ಉಚಿತ ಖಾತೆಗೆ ತಿಂಗಳ ಸಲ್ಲಿಕೆಗೂ ಸಂಗ್ರಹದ ಜಾಗಕ್ಕೂ ಮಿತಿ ಇದೆ, ಆ ಮಿತಿ ಹಿಂದೆ ಬದಲಾದದ್ದೂ ಇದೆ. ಕೆಲಸ ಶುರು ಮಾಡುವ ಮೊದಲು ಅವರ ದರಪಟ್ಟಿ ಓದಿಕೊಳ್ಳಿ. ಜಿಪಿಎಸ್ ಗುರುತು ಅಡಿಕೆ ತೋಟದೊಳಗೆ ನಿಂತು ತೆಗೆದರೆ ನಿಖರತೆ ಕಡಿಮೆ, ಅಂಗಳಕ್ಕೆ ಬಂದು ತೆಗೆಯಿರಿ.

ಒಪ್ಪಿಗೆಯ ವಿಷಯದಲ್ಲಿ ಈ ಆ್ಯಪ್ ಕೊಡುವ ಒಂದು ಅನುಕೂಲ ನಮಗೆ ಬಹಳ ಮುಖ್ಯ ಅನ್ನಿಸಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯಿದೆ ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲಿ ಓದಲು ಸಿಗಬೇಕು ಎನ್ನುತ್ತದೆ. ಕನ್ನಡ, ಮಲಯಾಳ, ಕೊಂಕಣಿ ಆ ಪಟ್ಟಿಯಲ್ಲಿವೆ. ತುಳು, ಬ್ಯಾರಿ ಇಲ್ಲ. ಆದರೆ ಮಗುವಿನ ಆರೋಗ್ಯದ ಬಗ್ಗೆ ಕೇಳುವಾಗ ತಾಯಿಗೆ ಅರ್ಥವಾಗುವ ಮಾತಿನಲ್ಲೇ ಹೇಳಬೇಕು. ಪ್ರಶ್ನೆಗೆ ಆಡಿಯೊ ಫೈಲ್ ಜೋಡಿಸಬಹುದು: ತುಳುವಿನಲ್ಲಿ ಅರ್ಧ ನಿಮಿಷ ಧ್ವನಿಮುದ್ರಿಸಿ ಒಪ್ಪಿಗೆಯ ಪ್ರಶ್ನೆಯ ಪಕ್ಕ ಇಟ್ಟರೆ ಸ್ಪೀಕರ್ ಗುರುತು ಒತ್ತಿದಾಗ ಕೇಳುತ್ತದೆ. ಹಾಳೆಯಲ್ಲಿ ಬರೆದ ಫೈಲಿನ ಹೆಸರು ಮತ್ತು ಅಪ್‌ಲೋಡ್ ಮಾಡಿದ ಹೆಸರು ಅಕ್ಷರಕ್ಕಕ್ಷರ ಒಂದೇ ಇರಬೇಕು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ವ್ಯತ್ಯಾಸವಾದರೂ ಧ್ವನಿ ಬರುವುದಿಲ್ಲ. ಒಪ್ಪಿಗೆ ಇಲ್ಲ ಎಂದರೆ ಮುಂದಿನ ಪ್ರಶ್ನೆ ಯಾವುದೂ ತೆರೆಯದಂತೆ ಷರತ್ತು ಇಡಿ. ಆಧಾರ್ ನಂಬರ್ ಕೇಳಲೇಬೇಡಿ. ಪ್ರಾಜೆಕ್ಟಿನ ಹಂಚಿಕೆ ಸೆಟ್ಟಿಂಗ್‌ನಲ್ಲಿ ಉತ್ತರಗಳನ್ನು ಯಾರು ಬೇಕಾದರೂ ನೋಡಬಹುದು ಎಂಬ ಆಯ್ಕೆ ಬಂದ್ ಆಗಿದೆಯೇ ಎಂದು ಎರಡು ಸಲ ನೋಡಿ, ಪ್ರತಿ ಕಾರ್ಯಕರ್ತೆಗೂ ಬೇರೆ ಲಾಗಿನ್ ಕೊಡಿ. ಕೀ ಇಲ್ಲದವರಿಗೆ ಮಾಹಿತಿ ಓದಲಾಗದಂತೆ ಮಾಡುವ ಗೂಢಲಿಪೀಕರಣವೂ ಇದೆ. ಆದರೆ ಖಾಸಗಿ ಕೀ ಕಳೆದುಹೋದರೆ ಮಾಹಿತಿ ಯಾರಿಗೂ ತೆರೆಯಲಾಗದು, ವೆಬ್‌ನಲ್ಲಿ ವರದಿ ನೋಡಲೂ ಆಗದು. ಕಂಪ್ಯೂಟರ್ ಚೆನ್ನಾಗಿ ಬಲ್ಲ ಒಬ್ಬರಾದರೂ ಇರುವ ಸಂಸ್ಥೆಗೆ ಮಾತ್ರ ಅದು ಸೈ.

ಹತ್ತು ಪ್ರಶ್ನೆಯ ತರಬೇತಿ ನೋಂದಣಿಗೆ ಇಷ್ಟೆಲ್ಲ ಬೇಡ, ಗೂಗಲ್ ಫಾರ್ಮ್ಸ್ ಸಾಕು. ಮನೆ ಸಮೀಕ್ಷೆಗಾದರೆ ಮಳೆಗಾಲ ಹಿಡಿಯುವ ಮೊದಲು ಒಂದೇ ವಾರ್ಡಿನ ಇಪ್ಪತ್ತು ಮನೆಗಳಲ್ಲಿ ಫಾರ್ಮ್ ಓಡಿಸಿ, ಮಲಯಾಳದ ಪಟ್ಟಿ ಇಳಿಸಿ, ಪಂಚಾಯತ್ ಕಚೇರಿಯಲ್ಲಿ ಅದನ್ನು ನಿಜವಾಗಿ ಬಳಸುವ ಗುಮಾಸ್ತರಿಗೆ ತೋರಿಸಿ. ಅವರು ಕೇಳುವ ಕಾಲಂ ಸೇರಿಸಿಯೇ ಉಳಿದ ವಾರ್ಡ್‌ಗಳಿಗೆ ಹೊರಡಿ.